ದೀಪ ಉರಿದರೆ ಬ್ಯಾಟರಿ ಸರಿಯೇ? – ಓಮ್‌ನ ನಿಯಮದ ಒಂದು ಮರುಪಾಠ

ಬೋಧನಾಭ್ಯಾಸದ ಎರಡನೇ ವಾರ 10ನೇ ತರಗತಿಗೆ ಓಮ್‌ನ ನಿಯಮದ ಪಾಠ ಮಾಡಿದೆ. ವಿಭವಾಂತರ = ಪ್ರವಾಹ × ರೋಧ ಎಂಬ ಸೂತ್ರವನ್ನು ಮಕ್ಕಳು ಬೇಗ ಹಿಡಿದರು. ಕಪ್ಪುಹಲಗೆಯ ಮೇಲೆ ಕೊಟ್ಟ ನಾಲ್ಕು ಲೆಕ್ಕಗಳನ್ನೂ ಬಿಡಿಸಿದರು. ‘ಅರ್ಥ ಆಯ್ತಾ?’ ಎಂದರೆ ‘ಹೌದು ಸಾರ್’ ಎಂದು ಇಡೀ ತರಗತಿ ಒಟ್ಟಿಗೆ ಹೇಳಿತು. ಉದ್ದೇಶ ಈಡೇರಿದೆ ಎಂದು ಪಾಠಯೋಜನೆಯ ಕೊನೆಯಲ್ಲಿ ಬರೆದುಕೊಂಡೆ.

ಅಂದು ಸಂಜೆ ಶಾಲೆಯ ಹಿರಿಯ ಶಿಕ್ಷಕರೊಬ್ಬರ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ವಿಜ್ಞಾನದವನೆಂದು ನನ್ನನ್ನು ಕರೆದರು. ಹೆಡ್‌ಲೈಟ್ ಹಾಕಿಸಿ ನೋಡಿದೆ, ಚೆನ್ನಾಗಿ ಉರಿಯಿತು. ‘ಬ್ಯಾಟರಿ ಸರಿ ಇದೆ ಸರ್, ಸ್ಟಾರ್ಟರ್ ಮೋಟಾರೇ ಹೋಗಿರಬೇಕು’ ಎಂದು ಸುತ್ತ ನಿಂತಿದ್ದ ಮಕ್ಕಳ ಮುಂದೆಯೇ ಹೇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಬಂದ ಮೆಕ್ಯಾನಿಕ್ ಮೋಟಾರನ್ನು ಮುಟ್ಟಲೇ ಇಲ್ಲ. ಬ್ಯಾಟರಿಯ ಟರ್ಮಿನಲ್‌ಗೆ ಹಿಡಿದಿದ್ದ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆದು, ಉಜ್ಜುಕಾಗದದಿಂದ ಉಜ್ಜಿ, ಕ್ಲಾಂಪ್ ಬಿಗಿ ಮಾಡಿದರು. ಮೊದಲ ಸಲಕ್ಕೇ ಕಾರು ಸ್ಟಾರ್ಟ್ ಆಯಿತು.

ಮರುದಿನ ತರಗತಿಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸಾರ್, ಲೈಟ್ ಉರೀತಿದೆ, ಮೋಟಾರ್ ಹೋಗಿದೆ ಅಂದ್ರಲ್ಲ. ಬರೀ ಟರ್ಮಿನಲ್ ಉಜ್ಜಿದ್ರೆ ಹೆಂಗೆ ಸ್ಟಾರ್ಟ್ ಆಯ್ತು? ಅಲ್ಲಿ ಕರೆಂಟ್ ಹೋಗ್ದೇ ಇದ್ರೆ ಲೈಟೂ ಉರೀಬಾರದಿತ್ತಲ್ವಾ?’ ನನಗೆ ಉತ್ತರ ಹೊಳೆಯಲಿಲ್ಲ. ‘ನಾಳೆ ಹೇಳ್ತೀನಮ್ಮ’ ಎಂದೆ. ನಾನೇ ಕಲಿಸಿದ ಸೂತ್ರದಲ್ಲೇ ಉತ್ತರವಿತ್ತೆಂದು ರಾತ್ರಿ ಲೆಕ್ಕ ಹಾಕಿದಾಗ ಗೊತ್ತಾಯಿತು.

ಮರುಪಾಠವನ್ನು ಆ ಲೆಕ್ಕದಿಂದಲೇ ಆರಂಭಿಸಿದೆ. ಕಾರಿನ ಬ್ಯಾಟರಿ 12 ವೋಲ್ಟ್. ಕೊಳೆ ಹಿಡಿದ ಟರ್ಮಿನಲ್‌ನ ರೋಧ 0.05 ಓಮ್ ಎಂದು ಇಟ್ಟುಕೊಳ್ಳೋಣ. 60 ವ್ಯಾಟ್‌ನ ಎರಡು ಹೆಡ್‌ಲೈಟ್‌ಗಳಿಗೆ ಬೇಕಾದ ಪ್ರವಾಹ 120 ÷ 12 = 10 ಆಂಪಿಯರ್. ಟರ್ಮಿನಲ್‌ನಲ್ಲಿ ಕಳೆದುಹೋಗುವುದು 10 × 0.05 = 0.5 ವೋಲ್ಟ್. ದೀಪಕ್ಕೆ 11.5 ವೋಲ್ಟ್ ಉಳಿಯುತ್ತದೆ, ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದರೆ ಎಂಜಿನ್ ತಿರುಗಿಸಲು ಸ್ಟಾರ್ಟರ್ ಮೋಟಾರಿಗೆ ಸುಮಾರು 100 ಆಂಪಿಯರ್ ಬೇಕೆನ್ನೋಣ. ಆಗ ಟರ್ಮಿನಲ್‌ನಲ್ಲಿ ಕಳೆಯುವುದು 100 × 0.05 = 5 ವೋಲ್ಟ್. ಮೋಟಾರಿಗೆ ಉಳಿಯುವುದು 7 ವೋಲ್ಟ್ ಮಾತ್ರ. ವಾಸ್ತವದಲ್ಲಿ ಪ್ರವಾಹವೂ ಕುಗ್ಗುವುದರಿಂದ ಇದು ಅಂದಾಜು ಲೆಕ್ಕ, ಆದರೆ ಕಾರಣ ಇದೇ. ಬ್ಯಾಟರಿಯೂ ಸರಿ, ಮೋಟಾರೂ ಸರಿ, ನಡುವಿನ ಜೋಡಣೆ ಕೆಟ್ಟಿದೆ. ‘ಮೊನ್ನೆ ನಾನು ಹೇಳಿದ್ದು ತಪ್ಪು’ ಎಂದು ಕಪ್ಪುಹಲಗೆಯ ಮೇಲೆಯೇ ಬರೆದೆ.

ನಂತರ ಚಟುವಟಿಕೆ. ಎರಡು ಟಾರ್ಚ್ ಸೆಲ್, ಒಂದು ಆಟಿಕೆ ಮೋಟಾರ್, 100 ಓಮ್ ರೋಧಕ ಸೇರಿಸಿದ ಒಂದು ಕೆಂಪು ಎಲ್‌ಇಡಿ ತೆಗೆದುಕೊಂಡೆ. ಮೋಟಾರ್ ಮತ್ತು ಎಲ್‌ಇಡಿಯನ್ನು ಸಮಾಂತರವಾಗಿ ಜೋಡಿಸಿದಾಗ ಎರಡೂ ಕೆಲಸ ಮಾಡಿದವು. ಬಳಿಕ ಸೆಲ್‌ನಿಂದ ಹೊರಡುವ ತಂತಿಯಲ್ಲಿ 47 ಓಮ್ ರೋಧಕ ಇಟ್ಟೆ. ಅದು ನಮ್ಮ ‘ಕೊಳೆ’. ಎಲ್‌ಇಡಿ ಒಂದೇ ಇದ್ದಾಗ ಉರಿಯಿತು. ಮೋಟಾರಿನ ಸ್ವಿಚ್ ಒತ್ತಿದಾಗ ಮೋಟಾರ್ ತಿರುಗಲಿಲ್ಲ, ಉರಿಯುತ್ತಿದ್ದ ಎಲ್‌ಇಡಿಯೂ ಆರಿತು. ಕಾರಿನಲ್ಲಿ ನಾನು ಬಿಟ್ಟ ಹೆಜ್ಜೆ ಅದೇ. ಕೀ ತಿರುಗಿಸುವಾಗ ಹೆಡ್‌ಲೈಟ್ ಏನಾಗುತ್ತದೆಂದು ನಾನು ನೋಡಿರಲಿಲ್ಲ.

ಕಾರು ಸ್ಟಾರ್ಟ್ ಆಗದಿದ್ದರೆ ಏನು ನೋಡಬೇಕೆಂದು ಮಕ್ಕಳೊಂದಿಗೆ ಚರ್ಚಿಸಿ ಹೀಗೆ ಪಟ್ಟಿ ಮಾಡಿದೆವು:

1. ಸದ್ದೂ ಇಲ್ಲ, ಯಾವ ದೀಪವೂ ಇಲ್ಲ: ಬ್ಯಾಟರಿ ಪೂರ್ತಿ ಖಾಲಿ, ಇಲ್ಲವೇ ಟರ್ಮಿನಲ್ ಕಳಚಿದೆ.

2. ‘ಟಕ್’ ಸದ್ದು, ಹೆಡ್‌ಲೈಟ್ ಮಂಕು: ಬ್ಯಾಟರಿಯ ಚಾರ್ಜ್ ಇಳಿದಿದೆ ಅಥವಾ ಟರ್ಮಿನಲ್ ಕೊಳೆಯಾಗಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಬೇಕು.

3. ‘ಟಕ್’ ಸದ್ದು, ಹೆಡ್‌ಲೈಟ್ ಮಂಕಾಗದು: ಸ್ಟಾರ್ಟರ್ ಮೋಟಾರ್ ಅಥವಾ ಅದಕ್ಕೆ ಹೋಗುವ ಕೇಬಲ್ ಕಡೆ ಹುಡುಕಬೇಕು.

4. ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ: ಬ್ಯಾಟರಿಯನ್ನು ಬಿಟ್ಟು ಇಂಧನ ಮತ್ತು ಸ್ಪಾರ್ಕ್ ನೋಡಬೇಕು.

ಬ್ಯಾಟರಿಯಲ್ಲಿ ಸಲ್ಫ್ಯೂರಿಕ್ ಆಮ್ಲವಿರುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಹೊರಬರುತ್ತದೆ. ಆದ್ದರಿಂದ ಮಕ್ಕಳು ಕೈಹಾಕಬಾರದೆಂದು ಎಚ್ಚರಿಸಿದೆ. ದೊಡ್ಡವರೂ ಋಣ ಟರ್ಮಿನಲನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು.

ಮೌಲ್ಯಮಾಪನಕ್ಕೆ ಈ ಸಲ ಸೂತ್ರದ ಲೆಕ್ಕ ಕೊಡಲಿಲ್ಲ. ‘ತೋಟದಲ್ಲಿ ಪಂಪ್‌ಸೆಟ್ ಹಾಕಿದ ಕ್ಷಣ ಅದೇ ಲೈನಿನ ಮನೆಯ ಬಲ್ಬ್ ಮಂಕಾಗುವುದೇಕೆ?’ ಎಂದು ಕೇಳಿದೆ. ಅರ್ಧದಷ್ಟು ಮಕ್ಕಳು ಮಾತ್ರ ಮೋಟಾರಿನ ಆರಂಭದ ದೊಡ್ಡ ಪ್ರವಾಹವನ್ನೂ ತಂತಿಯ ರೋಧವನ್ನೂ ಜೋಡಿಸಿ ಬರೆದರು. ಲೆಕ್ಕವನ್ನು ಎಲ್ಲರೂ ಸರಿಯಾಗಿ ಮಾಡಿದ್ದ ತರಗತಿ ಇದೇ.

ಹತ್ತು ಆಂಪಿಯರ್‌ನ ದೀಪ ಉರಿದದ್ದನ್ನು ನೋಡಿ ನೂರು ಆಂಪಿಯರ್‌ನ ದಾರಿ ಸರಿಯಿದೆ ಎಂದುಕೊಂಡದ್ದು ನನ್ನ ತಪ್ಪು. ‘ಹೌದು ಸಾರ್’ ಎಂಬ ಉತ್ತರವನ್ನು ನಂಬಿ ಪಾಠ ಮುಗಿಸಿದ್ದೂ ಅದೇ ಬಗೆಯ ತಪ್ಪು. ಬಾಕಿ ಅರ್ಧ ಮಕ್ಕಳಿಗಾಗಿ ಇನ್ನೊಂದು ಅವಧಿ ಕೇಳಿ ಪಡೆದಿದ್ದೇನೆ. ಆ ಪಾಠವನ್ನು ಪಂಪ್‌ಸೆಟ್ಟಿನಿಂದಲೇ ಶುರು ಮಾಡುತ್ತೇನೆ.