ಮೀನಿನ ಮೇವಿನಲ್ಲಿ ಕೊಬ್ಬಿನ ನಿಜವಾದ ದರ

ಮೀನು ಸಾಕಣೆಯ ವೆಚ್ಚದಲ್ಲಿ ಸಿಂಹಪಾಲು ಮೇವಿನದು. ಮೇವು ತಯಾರಕರು ಕೊಬ್ಬನ್ನು ಕೊಳ್ಳುವಾಗ ಕೇವಲ ಖರೀದಿ ದರವನ್ನು ನೋಡುವುದು ಸಾಲದು. ಕಾಟ್ಲಾ, ರೋಹು ಮೀನುಗಳಿಗೆ ಜಠರವೇ ಇಲ್ಲ. ಜೀರ್ಣಕ್ರಿಯೆಯೆಲ್ಲವೂ ಕರುಳಿನಲ್ಲಿಯೇ ನಡೆಯತಕ್ಕದ್ದು. ಪಿತ್ತರಸವು ಕೊಬ್ಬನ್ನು ಸೂಕ್ಷ್ಮ ಹನಿಗಳಾಗಿಸುತ್ತದೆ, ಲೈಪೇಸ್ ಕಿಣ್ವವು ಅದನ್ನು ಕೊಬ್ಬಿನಾಮ್ಲಗಳಾಗಿ ಬಿಡಿಸುತ್ತದೆ, ಕರುಳಿನ ಮುಂಭಾಗವು ಅವನ್ನು ಹೀರಿಕೊಳ್ಳುತ್ತದೆ. ಮೀನಿನ ಮೈ ನೀರಿನಷ್ಟೇ ತಣ್ಣಗಿರುವುದರಿಂದ ಗಟ್ಟಿ ಕೊಬ್ಬು ಪೂರ್ತಿ ಅರಗದೆ ಒಂದಷ್ಟು ಮಲದೊಡನೆ ಹೊರಹೋಗುತ್ತದೆ. ಚಳಿನೀರಿನ ಟ್ರೌಟ್, ಸಾಲ್ಮನ್‌ಗಳಲ್ಲಿ ಇದು ಸ್ಪಷ್ಟ.

ಕಿಲೋಗೆ 100 ರೂಪಾಯಿಯ ಎಣ್ಣೆ ಶೇ. 95ರಷ್ಟು, 90 ರೂಪಾಯಿಯ ಗಟ್ಟಿ ಕೊಬ್ಬು ಶೇ. 80ರಷ್ಟು ಜೀರ್ಣವಾಗುವುದೆಂದು ಭಾವಿಸೋಣ. ಮೀನಿಗೆ ದಕ್ಕಿದ ಪ್ರತಿ ಕಿಲೋ ಕೊಬ್ಬಿಗೆ ತಗಲುವ ವೆಚ್ಚ ಕ್ರಮವಾಗಿ ರೂ. 105.26 ಮತ್ತು ರೂ. 112.50! ಕಮಟು ಎಣ್ಣೆಗಾದರೋ ಈ ಲೆಕ್ಕವೂ ಬೇಡ. ಅದು ಮೀನಿನ ಯಕೃತ್ತನ್ನೇ ಕೆಡಿಸುತ್ತದೆ.