ಉಣ್ಣಿ ಕಚ್ಚಿದರೆ ಏನು ಮಾಡಬೇಕು? – ಖಾನಾಪುರದ ಕಾಡಿಗೆ ಹೋಗುವ ಮುಂಚೆ

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದೋ ನಮಗೆಲ್ಲ ಸೆಕೆಂಡ್ ಇಯರ್ ಬರೋಷ್ಟರಲ್ಲಿ ಖಾನಾಪುರ ತಾಲೂಕು ಅರ್ಧ ಪರಿಚಯ ಆಗಿರುತ್ತೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್, ಭೀಮಗಡದ ಅಂಚಿನ ಹಳ್ಳಿಗಳು. ಮಳೆಗಾಲದಲ್ಲಿ ಹೋದರೆ ನಾವು ಹೆದರೋದು ಜಿಗಣಿಗೆ. ಸಾಕ್ಸ್‌ಗೆ ಉಪ್ಪು, ಜೇಬಿನಲ್ಲಿ ಉಪ್ಪು, ಹತ್ತು ಹೆಜ್ಜೆಗೊಮ್ಮೆ ಕಾಲು ನೋಡಿಕೊಳ್ಳೋದು. ಆಮೇಲೆ ಸೆಮ್ ಎಕ್ಸಾಮ್ ಮುಗಿಸಿ ಜನವರಿ, ಫೆಬ್ರವರಿಯಲ್ಲಿ ಮತ್ತೆ ಹೊರಟಾಗ ಗ್ರೂಪಿನಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ: "ಈಗ ಜಿಗಣಿ ಇಲ್ಲ, ಆರಾಮ್ ಹೋಗೂಣು ನಡಿ." ಹಂಗಾಗಿ ಶಾರ್ಟ್ಸ್ ಹಾಕ್ಕೊಂಡು, ಒಣ ಎಲೆ ಮೇಲೆ ಕೂತು, ಊಟ ಮಾಡಿ, ಅಲ್ಲೇ ಅಡ್ಡಾಗಿ ಬರ್ತೀವಿ.

ಈ ಲೇಖನದಲ್ಲಿ ನಾವು ಹೇಳೋದು ಇಷ್ಟೇ: ಲೆಕ್ಕ ಉಲ್ಟಾ ಇದೆ. ಜಿಗಣಿ ನೋಡೋಕೆ ಅಸಹ್ಯ, ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಆದರೆ ಅದರಿಂದ ದೊಡ್ಡ ಕಾಯಿಲೆಯ ಭಯ ಇಲ್ಲ. ಕಾಯಿಲೆ ತರೋದು ಕಣ್ಣಿಗೆ ಸರಿಯಾಗಿ ಕಾಣದೆ ಒಣ ಎಲೆಯಲ್ಲಿ ಕೂತಿರೋ ಉಣ್ಣಿ. ಅದರ ಸೀಸನ್ ಶುರುವಾಗೋದೇ ಮಳೆ ನಿಂತ ಮೇಲೆ.

ಉಣ್ಣಿ ಅಂದ್ರೆ ಏನು?

ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ ಎಲ್ಲರೂ ನೋಡಿರ್ತೀವಿ. ಮಲೆನಾಡಿನವರು ಉಣುಗು ಅಂತಾರೆ, ನಮ್ಮ ಮರಾಠಿ ಗೆಳೆಯರು ಗೋಚಿಡ್ ಅಂತಾರೆ. ಇದು ಕೀಟ ಅಲ್ಲ. ಎಂಟು ಕಾಲಿದೆ, ಜೇಡದ ಸಂಬಂಧಿ. ಮೊಟ್ಟೆ, ಆರು ಕಾಲಿನ ಲಾರ್ವಾ, ಎಂಟು ಕಾಲಿನ ನಿಂಫ್, ಆಮೇಲೆ ದೊಡ್ಡ ಉಣ್ಣಿ. ಮೊಟ್ಟೆಯಿಂದ ಹೊರಬಂದ ಮೇಲೆ ಪ್ರತಿ ಹಂತಕ್ಕೂ ಒಂದು ಸಲ ರಕ್ತ ಬೇಕು. ದೊಡ್ಡವು ಹೆಚ್ಚಾಗಿ ದನ, ಕಾಡುಪ್ರಾಣಿಗಳನ್ನು ಹಿಡೀತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ನಿಂಫ್. ಗಾತ್ರ ಗಸಗಸೆಯಿಂದ ಎಳ್ಳಿನಷ್ಟು. ಅದರ ಜೊಲ್ಲಿನಲ್ಲಿ ನೋವು ಗೊತ್ತಾಗದಂತೆ ಮಾಡೋ ಅಂಶ ಇರೋದ್ರಿಂದ ಕಚ್ಚಿದ್ದು ಗೊತ್ತೇ ಆಗಲ್ಲ. ನಿಂಫ್‌ಗಳು ಹೆಚ್ಚಾಗಿರೋದು ನವೆಂಬರ್‌ನಿಂದ ಮೇ ತನಕ.

ಕ್ಯಾಸನೂರಿನಿಂದ ಚೋರ್ಲಾ ತನಕ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಿಗೂ ತೀವ್ರ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಮೊದಲು ಹಳದಿ ಜ್ವರ ಇರಬಹುದಾ ಅನ್ನೋ ಅನುಮಾನ ಇತ್ತು. ಸಿಕ್ಕಿದ್ದು ಹೊಸ ವೈರಸ್. ಡೆಂಗ್ಯೂ ವೈರಸ್ ಇರೋ ಫ್ಲೇವಿವೈರಸ್ ಗುಂಪಿನದೇ, ಆದರೆ ಇದನ್ನು ಹರಡೋದು ಸೊಳ್ಳೆ ಅಲ್ಲ, ಉಣ್ಣಿ. ಅದಕ್ಕೇ ಇಡೀ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಈ ಕಾಯಿಲೆಗೆ ನಮ್ಮ ಊರಿನ ಹೆಸರಿದೆ: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಜನರ ಬಾಯಲ್ಲಿ ಮಂಗನ ಕಾಯಿಲೆ.

ಪಾಪ, ಹೆಸರು ಮಂಗನದ್ದಾದರೂ ತಪ್ಪು ಮಂಗನದಲ್ಲ. ಅದೂ ನಮ್ಮ ಹಾಗೆ ಕಚ್ಚಿಸಿಕೊಂಡು ಸಾಯುತ್ತೆ. ಸತ್ತ ಮೇಲೆ ಅದರ ಮೈಮೇಲಿದ್ದ ಉಣ್ಣಿಗಳು ಕೆಳಗಿಳಿದು ಸುತ್ತಲಿನ ಎಲೆಗಳಲ್ಲಿ ಸೇರ್ತವೆ. ಆದ್ದರಿಂದ ಕಾಡಿನಲ್ಲಿ ಸತ್ತ ಮಂಗ ಕಂಡರೆ ಫೋಟೋ ತೆಗೆಯೋಕೆ ಹತ್ತಿರ ಹೋಗಬಾರದು. ದೂರದಿಂದಲೇ ಜಾಗ ಗುರುತು ಮಾಡಿ ಅರಣ್ಯ ಇಲಾಖೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು.

ಬಹಳ ವರ್ಷ ಇದು ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಕಾಯಿಲೆ ಅಂತಲೇ ಇತ್ತು. 2012-13ರಲ್ಲಿ ಬಂಡೀಪುರ, ನೀಲಗಿರಿ, ವಯನಾಡ್ ಕಡೆ ಕಾಣಿಸಿತು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಬಂತು. ಮ್ಯಾಪ್ ತೆಗೆದು ನೋಡಿ: ಚೋರ್ಲಾ ಘಾಟ್ ಇಳಿದರೆ ಸತ್ತರಿ. ಗಡಿ ನಮಗೆ, ಉಣ್ಣಿಗಲ್ಲ.

2016ರಲ್ಲಿ ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಜಿಲ್ಲೆಯ ಕೆಲಸಗಾರರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ಗೇರು ಹಣ್ಣು ಉದುರೋದು ಬೇಸಿಗೆಯಲ್ಲಿ, ಅಂದ್ರೆ ನಿಂಫ್ ಸೀಸನ್‌ನಲ್ಲೇ. ಆರಿಸೋದು ಬಗ್ಗಿ, ಒಣ ಎಲೆಯೊಳಗೆ ಕೈ ಹಾಕಿ. ನಾವು ಒಂದು ಭಾನುವಾರ ಕಾಡಿಗೆ ಹೋಗಿ ಬರ್ತೀವಿ. ಅವರು ವಾರಗಟ್ಟಲೆ ಅಲ್ಲೇ ಇರ್ತಾರೆ. ಕಟ್ಟಿಗೆ, ತರಗೆಲೆ ತರೋರು, ದನ ಮೇಯಿಸೋರು ಕೂಡ ಹಾಗೆಯೇ. ನಮ್ಮ ಕ್ಲಾಸಿನಲ್ಲೇ ಇಂಥ ಮನೆಗಳಿಂದ ಬಂದವರು ಇರ್ತಾರೆ. ಓದಿದ್ದನ್ನು ಮನೆಗೆ ಫೋನ್ ಮಾಡಿ ಹೇಳಿದರೆ ಟ್ರೆಕ್‌ಗಿಂತ ಹೆಚ್ಚು ಉಪಯೋಗ ಅಲ್ಲಿದೆ.

ಕಚ್ಚಿದ್ದನ್ನು ತೆಗೆಯೋದು ಹೇಗೆ?

ಉಣ್ಣಿಯ ಬಾಯಿ ಒಂಥರಾ ಆಂಕರ್ ಬೋಲ್ಟ್. ಹಿಂದಕ್ಕೆ ಬಾಗಿದ ಮುಳ್ಳುಗಳಿರ್ತವೆ. ಬಹಳ ಜಾತಿಯವು ಸುತ್ತ ಸಿಮೆಂಟ್ ಥರ ಅಂಟನ್ನೂ ಬಿಡ್ತವೆ. ಅದಕ್ಕೇ ಉಜ್ಜಿದರೆ ಬೀಳಲ್ಲ.

1. ಚೂಪು ತುದಿಯ ಚಿಮಟ ತಗೊಳ್ಳಿ. ಹೊಟ್ಟೆಯನ್ನು ಹಿಡಿಯಬೇಡಿ; ಚರ್ಮಕ್ಕೆ ಅಂಟಿಕೊಂಡಂತೆ, ಬಾಯಿಯ ಹತ್ತಿರ ಹಿಡಿಯಿರಿ.
2. ತಿರುಗಿಸದೆ, ಜಗ್ಗಾಡದೆ, ಒಂದೇ ಸಮನೆ ನೇರವಾಗಿ ಮೇಲಕ್ಕೆ ಎಳೆಯಿರಿ.
3. ಬಾಯಿಯ ಚೂರು ಒಳಗೆ ಉಳಿದರೆ ಗಾಬರಿ ಬೇಡ. ಸುಲಭವಾಗಿ ಬಂದರೆ ತೆಗೆಯಿರಿ, ಇಲ್ಲಾಂದ್ರೆ ಪಿನ್ ಹಾಕಿ ಕೆದಕಬೇಡಿ. ಚರ್ಮವೇ ಹೊರಗೆ ಹಾಕುತ್ತೆ.
4. ಜಾಗವನ್ನೂ ಕೈಯನ್ನೂ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.
5. ಉಣ್ಣಿಯನ್ನು ಉಗುರಿನಲ್ಲಿ ಕುಕ್ಕಬೇಡಿ. ಟೇಪಿನಲ್ಲಿ ಅಂಟಿಸಿ ಮುಚ್ಚಿ ಎಸೆಯಿರಿ.
6. ಅವತ್ತಿನ ತಾರೀಖು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಸೀಮೆಎಣ್ಣೆ, ಸುಣ್ಣ, ತಂಬಾಕು, ಬೆಂಕಿಕಡ್ಡಿ ಯಾವುದೂ ಬೇಡ. ಇವುಗಳಿಂದ ಉಣ್ಣಿ ತಾನಾಗಿ ಬಿಟ್ಟು ಬೀಳೋ ತನಕ ಕಾಯೋದೇ ತಪ್ಪು. ಕಾದಷ್ಟು ಹೊತ್ತೂ ಅದು ಕಚ್ಚಿಕೊಂಡೇ ಇರುತ್ತೆ. ಕೆರಳಿಸಿದರೆ ಜೊಲ್ಲನ್ನು ಗಾಯದೊಳಗೇ ಬಿಡಬಹುದು.

ಜೇನು ಚುಚ್ಚಿದರೆ ಕೊಂಡಿಯನ್ನು ತಡಮಾಡದೆ ತೆಗೆದು ತಣ್ಣೀರು ಪಟ್ಟಿ ಇಡಿ. ಇರುವೆ, ಸೊಳ್ಳೆ ಕಚ್ಚಿದ್ದಕ್ಕೆ ಸೋಪು, ತಣ್ಣೀರು, ಕ್ಯಾಲಮೈನ್ ಸಾಕು. ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಯಾವುದೇ ಕಡಿತದ ನಂತರ ಮುಖ, ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಜ್ವರ ಬಂದರೆ ಹೇಳಬೇಕಾದ ಮಾತು

ಉಣ್ಣಿ ಕಚ್ಚಿದವರಿಗೆಲ್ಲ ಕಾಯಿಲೆ ಬರಲ್ಲ. ಬಂದರೆ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ದಿಢೀರ್ ಜ್ವರ, ಚಳಿ, ಹಣೆ ಸಿಡಿಯೋ ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿ, ಮತ್ತೆ ಜ್ವರ ಬಂದು ಮೆದುಳಿನ ತೊಂದರೆ ಕಾಣಿಸುತ್ತೆ. ನೂರಕ್ಕೆ 3ರಿಂದ 5 ಜನ ಸಾಯ್ತಾರೆ. ಸಾಗರ ತಾಲೂಕಿನ ಅರಳಗೋಡಿನ ಜನ 2018-19ರಲ್ಲಿ ಇದನ್ನು ಕಣ್ಣಾರೆ ಕಂಡರು. ವೈರಸ್‌ಗೆಂದೇ ಔಷಧಿ ಇಲ್ಲ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಇರೋದು ನೀರಿನಂಶ, ರಕ್ತಸ್ರಾವ, ಬಿಪಿ ನೋಡಿಕೊಳ್ಳೋ ಆರೈಕೆ. ಅದು ಬೇಗ ಸಿಕ್ಕಿದಷ್ಟೂ ಒಳ್ಳೆಯದು. ಸಮಾಧಾನದ ಮಾತೆಂದರೆ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ. ರೂಮ್‌ಮೇಟ್‌ನ ದೂರ ಇಡಬೇಕಾಗಿಲ್ಲ.

ಈ ಲಕ್ಷಣಗಳನ್ನು ಮಾತ್ರ ಕೇಳಿದರೆ ಯಾವ ಡಾಕ್ಟರಿಗಾದ್ರೂ ಮೊದಲು ನೆನಪಾಗೋದು ಡೆಂಗ್ಯೂ ಅಥವಾ ಮಾಮೂಲಿ ವೈರಲ್ ಫೀವರ್. ಅವರಿಗೆ ದಾರಿ ತೋರಿಸೋದು ನಮ್ಮ ಒಂದು ಮಾತು: "ಇಂಥ ದಿನ ಕಾಡಿಗೆ ಹೋಗಿದ್ದೆ, ಉಣ್ಣಿ ಕಚ್ಚಿರಬಹುದು." ಜ್ವರ ಎಷ್ಟನೇ ದಿನ ಅನ್ನೋದೂ ಮುಖ್ಯ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಎಲೈಸಾ ಪರೀಕ್ಷೆ ಉಪಯೋಗಕ್ಕೆ ಬರುತ್ತೆ. ಅದೇ ಮಾತು ಇನ್ನೊಂದು ಕಡೆಗೂ ದಾರಿ ತೋರಿಸುತ್ತೆ: ಉಣ್ಣಿಯಿಂದ ಬರೋ ಟಿಕ್ ಟೈಫಸ್, ನುಸಿಮರಿಯಿಂದ ಬರೋ ಸ್ಕ್ರಬ್ ಟೈಫಸ್. ಸ್ಕ್ರಬ್ ಟೈಫಸ್‌ನಲ್ಲಿ ಕಚ್ಚಿದ ಜಾಗ ಬಹಳ ಸಲ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪಾಗಿರುತ್ತೆ. ಇವೆರಡಕ್ಕೂ ಡಾಕ್ಟರ ಬಳಿ ಡಾಕ್ಸಿಸೈಕ್ಲಿನ್ ಇದೆ, ಕೊಡೋಕೆ ಅವರಿಗೆ ಅನುಮಾನ ಬರಬೇಕು ಅಷ್ಟೇ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಬರೋದು ಅಮೆರಿಕದ ಲೈಮ್ ಕಾಯಿಲೆ: ಗುರಿಹಲಗೆಯಂಥ ಕೆಂಪು ವೃತ್ತ ನೋಡಿ ಅಂತಾರೆ. ಮಂಗನ ಕಾಯಿಲೆಯಲ್ಲಿ ಆ ವೃತ್ತ ಬರಲ್ಲ. ವೃತ್ತ ಇಲ್ಲ ಅಂತ ಸುಮ್ಮನೆ ಮಲಗಬೇಡಿ. ಹಾಸ್ಟೆಲಿನಲ್ಲಿ ಯಾರೋ ಕೊಟ್ಟ ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು. ಡಾಕ್ಟರನ್ನು ನೋಡೋ ತನಕ ಪ್ಯಾರಾಸಿಟಮಾಲ್ ಸಾಕು.

ಹೊರಡುವ ಮುಂಚೆ, ಬಂದ ಮೇಲೆ

ತಿಳಿ ಬಣ್ಣದ ಫುಲ್ ಪ್ಯಾಂಟ್, ಅದರ ಅಂಚು ಸಾಕ್ಸ್‌ನೊಳಗೆ. ತೆರೆದ ಚರ್ಮಕ್ಕೆ ಡೀಟ್ ಇರೋ ಕ್ರೀಮ್. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಡೆಪಾ ಎಣ್ಣೆ ಹಂಚುತ್ತೆ. ಕೂರೋದು ಬಂಡೆ ಮೇಲೆ ಅಥವಾ ದಪ್ಪ ಶೀಟ್ ಮೇಲೆ, ತರಗೆಲೆ ಮೇಲೆ ಬೇಡ. ವಾಪಸ್ ಬಂದವರೇ ಹಾಸಿಗೆಗೆ ಬೀಳದೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮೊಣಕಾಲ ಹಿಂದೆ, ತೊಡೆ ಸಂದು, ಸೊಂಟ, ಹೊಕ್ಕುಳ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ.

ಕೊನೆಗೆ ಒಂದು ಸಣ್ಣ ಕೆಲಸ. ಟ್ರೆಕ್‌ಗೆ ಅಂತ ಮಾಡಿದ ವಾಟ್ಸಾಪ್ ಗ್ರೂಪನ್ನು ಫೋಟೋ ಹಂಚಿದ ಕೂಡಲೇ ಡಿಲೀಟ್ ಮಾಡಬೇಡಿ. ಎರಡು ವಾರ ಇಟ್ಟು, ಮಧ್ಯೆ ಒಂದು ಸಲ, ಕೊನೆಗೆ ಒಂದು ಸಲ ಕೇಳಿ: "ಯಾರಿಗಾದ್ರೂ ಜ್ವರ ಬಂದೈತೇನ್ರಿ?" ಬಂದಿದ್ದರೆ ಜೊತೆಗೆ ಒಬ್ಬರು ಆಸ್ಪತ್ರೆಗೆ ಹೋಗಿ. ಜ್ವರದಲ್ಲಿ ಅವನು ಹೇಳೋದು ಮರೆತರೂ ನೀವು ಹೇಳಿ, ನಾವು ಕಾಡಿಗೆ ಹೋಗಿದ್ವಿ ಅಂತ.