ಗ್ಲೌಸ್ ಡಬ್ಬದ ಸಣ್ಣಕ್ಷರ

ಮೊಟ್ಟೆ ದುಬಾರಿಯಾದರೆ ಹೋಟೆಲಿನವನು ಆಮ್ಲೆಟ್ಟಿನ ಬೆಲೆ ಏರಿಸುತ್ತಾನೆ. ಅಮೆರಿಕದ ಡಾಕ್ಟರಿಗೆ ಆ ಸೌಲಭ್ಯವಿಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಮನೆಯವರದು ಪುಟ್ಟ ಫ್ಯಾಮಿಲಿ ಕ್ಲಿನಿಕ್ಕು; ಲೆಕ್ಕಪತ್ರ ನೋಡುವುದು, ಸಾಮಾನು ತರಿಸುವುದು ನನ್ನ ಪಾಲಿನ ಕೆಲಸ. ರೋಗಿಯನ್ನು ನೋಡಿದ್ದಕ್ಕೆ ಎಷ್ಟು ಸಿಗಬೇಕೆಂದು ತೀರ್ಮಾನಿಸುವವರು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನವರು ಮತ್ತು ಇನ್ಶೂರೆನ್ಸ್ ಕಂಪನಿಯವರು. 2025ರಲ್ಲಿ ಮೆಡಿಕೇರ್ ತನ್ನ ಮೂಲ ದರವನ್ನು ಶೇ 2.83ರಷ್ಟು ಇಳಿಸಿತು. ಅದೇ ವರ್ಷ ನಮ್ಮ ಸಾಮಾನಿನ ಬಿಲ್ಲಿನ ಕೆಳಗೆ ‘ಟ್ಯಾರಿಫ್ ಸರ್ಚಾರ್ಜ್’ ಎಂಬ ಹೊಸ ಸಾಲು ಬಂದು ಕೂತಿತು.

ಸುಂಕದ ಗಲಾಟೆ ಎಂದರೆ ಎಲ್ಲರಿಗೂ ನೆನಪಾಗುವುದು 2025ರ ಏಪ್ರಿಲ್, ಟ್ರಂಪ್. ನಮ್ಮ ಸ್ಟೋರ್‌ರೂಮಿಗೆ ಅದು ಮೊದಲೇ ಕಾಲಿಟ್ಟಿತ್ತು. ಚೀನಾದ ಸಿರಿಂಜು, ಸೂಜಿಗಳ ಮೇಲೆ ಶೇ 100 ಸುಂಕ ಬಂದದ್ದು ಬೈಡನ್ ಕಾಲದಲ್ಲಿ, 2024ರ ಸೆಪ್ಟೆಂಬರ್ 27ರಿಂದ. ರಬ್ಬರ್ ಗ್ಲೌಸುಗಳಿಗೆ 2025ರ ಜನವರಿಯಿಂದ ಶೇ 50, 2026ರ ಜನವರಿಯಿಂದ ಶೇ 100 ಎಂದು ಆಗಲೇ ಬರೆದಿಟ್ಟಿದ್ದರು. ಟ್ರಂಪ್ ಹಾಕಿದ್ದು ಇದರ ಮೇಲಿನ ಹೊರೆ. ಅವರ ಹೊಸ ಸುಂಕ ಚೀನಾದ ಸರಕಿಗೆ ಏಪ್ರಿಲ್‌ನಲ್ಲಿ ಶೇ 145ಕ್ಕೆ ಮುಟ್ಟಿ, ಮೇ ಮಧ್ಯದಲ್ಲಿ 30ಕ್ಕೆ ಇಳಿಯಿತು. ಆ ವಾರಗಳಲ್ಲಿ ಸಪ್ಲೈಯರ್ ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರುತ್ತದೆಂಬ ಭರವಸೆ ಇರಲಿಲ್ಲ.

ಡಬ್ಬದ ಮೇಲಿನ ಸಣ್ಣಕ್ಷರ ಓದುವುದನ್ನು ನಾನು ಕಲಿತದ್ದು ಆಗ. ಬ್ರ್ಯಾಂಡು ಅಮೆರಿಕದ್ದೇ ಇರಬಹುದು, ತಯಾರಾದ ಊರು ಬೇರೆ. ಒಂದೇ ಕಂಪನಿಯ ಗ್ಲೌಸು, ಮೀಡಿಯಂ ಅಳತೆಯದು ಮಲೇಷ್ಯಾದಿಂದ ಬಂದಿದ್ದರೆ ಸ್ಮಾಲ್ ಚೀನಾದಿಂದ ಬಂದಿತ್ತು. ಎರಡರ ಸುಂಕಕ್ಕೂ ಅಜಗಜಾಂತರ. ನಮ್ಮ ಸಪ್ಲೈಯರ್ ಮಾತ್ರ ಇಡೀ ಬಿಲ್ಲಿಗೆ ಒಂದೇ ಶೇಕಡಾವಾರು ಸರ್ಚಾರ್ಜ್ ಬಳಿದಿದ್ದ, ಅಮೆರಿಕದಲ್ಲೇ ತಯಾರಾದ ಪರೀಕ್ಷಾ ಮೇಜಿನ ಕಾಗದದ ಸುರುಳಿಗೂ ಸೇರಿ! ಒಂದೊಂದು ಐಟಂ ಎದುರೂ ಅದರ ದೇಶ ಬರೆದು ಪಟ್ಟಿ ಕಳಿಸಿದೆ. ಕಾಗದ ಮತ್ತು ಇನ್ನೂ ಕೆಲವಕ್ಕೆ ಸರ್ಚಾರ್ಜ್ ಬಿಟ್ಟರು. ಕೇಳದಿದ್ದರೆ ಯಾರೂ ಬಿಡುವುದಿಲ್ಲ, ಆ ಮಾತು ಬೇರೆ.

ಏಪ್ರಿಲ್‌ನಲ್ಲಿ ಮನೆಯವರು ಹೇಳಿದ್ದು ಒಂದೇ ಮಾತು: “ಒಂದು ವರ್ಷಕ್ಕಾಗುವಷ್ಟು ತರಿಸಿ ತುಂಬಿಬಿಡು.”

“ರೀ, ತುಂಬೋದಕ್ಕೆ ಜಾಗ ಎಲ್ಲಿದೆ? ದುಡ್ಡು ಎಲ್ಲಿದೆ?” ಎಂದೆ. ಕೊನೆಗೆ ಗ್ಲೌಸು, ಗಾಜ್ ಬಟ್ಟೆ ಮಾತ್ರ ಸ್ವಲ್ಪ ಹೆಚ್ಚಿಗೆ ತರಿಸಿದೆವು. ಅವು ವರ್ಷಗಟ್ಟಲೆ ಕೆಡುವುದಿಲ್ಲ. ಫ್ಲೂ, ಸ್ಟ್ರೆಪ್ ಟೆಸ್ಟ್ ಕಿಟ್ಟುಗಳ ತಂಟೆಗೆ ಹೋಗಲಿಲ್ಲ. ಅವುಗಳ ಎಕ್ಸ್‌ಪೈರಿ ಬೇಗ ಬರುತ್ತದೆ, ಸುಂಕದಲ್ಲಿ ಉಳಿಸಿದ ದುಡ್ಡು ಕಸದ ಬುಟ್ಟಿಗೆ ಹೋಗುತ್ತದೆ.

ಅಗ್ಗ ಸಿಕ್ಕ ಕಡೆಯೆಲ್ಲ ಬಿಡಿಬಿಡಿಯಾಗಿ ಕೊಳ್ಳುವ ಚಾಳಿಯನ್ನೂ ನಿಲ್ಲಿಸಿದ್ದೇವೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ನೆರೆ ನಾರ್ತ್ ಕೆರೊಲಿನಾದ ಬ್ಯಾಕ್ಸ್‌ಟರ್ ಕಾರ್ಖಾನೆಗೆ ನುಗ್ಗಿತು. ದೇಶದ ಸಲೈನ್, ಗ್ಲೂಕೋಸ್ ಚೀಲಗಳಲ್ಲಿ ಸುಮಾರು ಶೇ 60 ತಯಾರಾಗುತ್ತಿದ್ದದ್ದು ಅದೊಂದೇ ಕಡೆ. ಕೊರತೆ ಬಿದ್ದಾಗ ಸಪ್ಲೈಯರ್‌ಗಳು ಹಂಚಿದ್ದು ಹಳೆಯ ಖರೀದಿಯ ಲೆಕ್ಕ ನೋಡಿ. ಕಾಯಂ ಗಿರಾಕಿಗೆ ಅಷ್ಟಿಷ್ಟು ಸಿಕ್ಕಿತು, ಆಗೊಮ್ಮೆ ಈಗೊಮ್ಮೆ ಬರುವವರಿಗೆ ಬರಿಗೈ. ಹಾಗಾಗಿ ಈಗ ಮುಖ್ಯ ಸಾಮಾನೆಲ್ಲ ಒಬ್ಬರಿಂದಲೇ, ಅದೂ ಸಣ್ಣ ಕ್ಲಿನಿಕ್ಕುಗಳೆಲ್ಲ ಸೇರಿ ರೇಟು ಕುದುರಿಸುವ ಖರೀದಿ ಗುಂಪಿನ ಮೂಲಕ.

ಆದರೂ ನಿಜವಾದ ಉಳಿತಾಯ ಸಿಕ್ಕಿದ್ದು ಚೌಕಾಸಿಯಲ್ಲಲ್ಲ, ನಮ್ಮದೇ ಡ್ರಾಯರ್‌ಗಳಲ್ಲಿ. ರೋಗಿಗಳಿಲ್ಲದ ಒಂದು ಮಧ್ಯಾಹ್ನ ಎಲ್ಲವನ್ನೂ ಎಳೆದು ನೋಡಿದೆ. ಒಂದೊಂದರಲ್ಲೂ ಒಡೆದಿಟ್ಟ ಗಾಜ್ ಪ್ಯಾಕೆಟ್ಟು, ಹಿಂದಿನ ಮೂಲೆಯಲ್ಲಿ ಅವಧಿ ಮುಗಿದ ಸ್ಟ್ರೆಪ್ ಕಿಟ್ಟು. ನಮ್ಮ ಅಸಿಸ್ಟೆಂಟ್ ಹುಡುಗಿ ಗೋಡೆಯ ಡಬ್ಬದಿಂದ ಎರಡು ಗ್ಲೌಸು ಎಳೆದರೆ ನಾಲ್ಕು ಬರುತ್ತಿದ್ದವು. ಒಂದು ನೆಲಕ್ಕೆ, ಅಲ್ಲಿಂದ ಕಸಕ್ಕೆ. ಬಿ.ಪಿ. ನೋಡಲೂ ಗ್ಲೌಸು, ಅದೇ ಗ್ಲೌಸಿನಲ್ಲಿ ಕೀಬೋರ್ಡು. ಕೋವಿಡ್ ಬಿಟ್ಟುಹೋದ ಅಭ್ಯಾಸ. ಲಸಿಕೆ ಚುಚ್ಚುವಾಗ ಕೂಡ, ರಕ್ತ ತಾಕುವ ಸಂಭವವೋ ಕೈಯಲ್ಲಿ ಗಾಯವೋ ಇಲ್ಲದಿದ್ದರೆ, ಗ್ಲೌಸು ಕಡ್ಡಾಯವಲ್ಲ ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಸೂಚನೆಯೇ ಇದೆ. ಪ್ರತಿ ರೋಗಿಗೂ ಮುನ್ನ ಕೈ ಶುಚಿಗೊಳಿಸುವುದು ಮಾತ್ರ ತಪ್ಪಬಾರದು. ರಕ್ತ ತೆಗೆಯುವಾಗ, ಗಾಯ ತೊಳೆಯುವಾಗ ಗ್ಲೌಸು ಬೇಕೇ ಬೇಕು. ಇಷ್ಟನ್ನು ಬರೆದು ಗೋಡೆಗೆ ಅಂಟಿಸಿದ ಮೇಲೆ ಗ್ಲೌಸಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು.

ಕೈ ಹಾಕಬಾರದ ಜಾಗಗಳೂ ಇವೆ. ಬಳಸಿದ ಮೇಲೆ ತುದಿ ಮುಚ್ಚಿಕೊಳ್ಳುವ ಸೇಫ್ಟಿ ಸೂಜಿ ತುಸು ದುಬಾರಿ, ಆದರೆ ಅದು ಕಾನೂನಿನ ಮಾತು. ಅದಕ್ಕಿಂತ ಹೆಚ್ಚಾಗಿ ನರ್ಸಿನ ಜೀವದ ಮಾತು. ಚೀನಾದಲ್ಲಿ ತಯಾರಾದ ಪ್ಲಾಸ್ಟಿಕ್ ಸಿರಿಂಜುಗಳಲ್ಲಿ ಸೋರಿಕೆ, ಒಡೆಯುವಿಕೆಯ ದೂರುಗಳಿವೆಯೆಂದು ಇಲ್ಲಿನ ಔಷಧ, ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ 2023ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. ಆಮೇಲೂ ಹೆಸರು ಕೇಳದ ಜಾಲತಾಣಗಳಿಂದ ಅರ್ಧ ಬೆಲೆಯ ಆಫರ್ ಬರುತ್ತಲೇ ಇದ್ದವು, ನಾನು ಅಳಿಸುತ್ತಲೇ ಇದ್ದೆ.

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ನಮ್ಮ ಭಾವನದು ಬೇರೆ ಉಪಾಯ: “ಊರಿಗೆ ಬಂದಾಗ ಸೂಟ್‌ಕೇಸ್ ತುಂಬ ಸಿರಿಂಜು ಒಯ್ದುಬಿಡಮ್ಮ, ಇಲ್ಲಿ ಎಷ್ಟು ಅಗ್ಗ!” ಎಫ್‌ಡಿಎ ಒಪ್ಪಿಗೆಯಿಲ್ಲದ ಮಾಲನ್ನು ಇಲ್ಲಿ ರೋಗಿಗೆ ಚುಚ್ಚುವಂತಿಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ಸರಿಯಾದ ದಾರಿಯಲ್ಲಿ ಬರುವ ಭಾರತದ ಸರಕಿಗೂ 2025ರ ಆಗಸ್ಟ್ 27ರಿಂದ ಶೇ 50 ಸುಂಕ ಬಿತ್ತು. ಆದರೆ ಭಾರತದಿಂದ ಬರುವ ಜೆನೆರಿಕ್ ಮಾತ್ರೆಗಳನ್ನು ಆ ಸುಂಕದಿಂದ ಹೊರಗಿಟ್ಟಿದ್ದರು. ಮೆಟ್‌ಫಾರ್ಮಿನ್ ತುಟ್ಟಿಯಾಗುತ್ತದಾ ಎಂದು ಗಾಬರಿಯಿಂದ ಕೇಳುತ್ತಿದ್ದ ಸಕ್ಕರೆ ಕಾಯಿಲೆಯವರಿಗೆ ಅದಷ್ಟನ್ನು ಹೇಳುವುದೇ ಆ ತಿಂಗಳುಗಳಲ್ಲಿ ನನಗೊಂದು ಕೆಲಸವಾಗಿತ್ತು.

ಸ್ವಂತ ಕ್ಲಿನಿಕ್ ನಡೆಸುವ ಕನ್ನಡದ ಡಾಕ್ಟರುಗಳಲ್ಲಿ ಒಂದು ಕೋರಿಕೆ. ಮೆಡಿಕೇರ್ ದರ ನಮ್ಮ ಕೈಯಲ್ಲಿಲ್ಲ, ನಿಜ. ಖಾಸಗಿ ಇನ್ಶೂರೆನ್ಸಿನವರ ಕರಾರು ಹಾಗಲ್ಲ. ಅದು ನವೀಕರಣಕ್ಕೆ ಬರುತ್ತದೆ, ನಮ್ಮಲ್ಲಿ ಬಹಳ ಮಂದಿ ಓದದೆ ಸಹಿ ಹಾಕಿ ಕಳಿಸುತ್ತಾರೆ. ಈ ಸಲ ಹಾಗೆ ಮಾಡಬೇಡಿ. ಎರಡು ವರ್ಷದ ಸಾಮಾನಿನ ಬಿಲ್ಲುಗಳನ್ನು ಐಟಂವಾರು ಜೋಡಿಸಿಕೊಂಡು, ದರ ಏರಿಸಿ ಎಂದು ಕಾಗದ ಬರೆದು ಕೇಳಿ.